ಮೊದಲ ತೊಟ್ಟು

ಮುಂದಿನ ಸೀಟಿನಲ್ಲಿ ಕೂತದ್ದೇ ತಪ್ಪಾಯಿತು ಎಂದು ಕಾರು ಮನೆಯ ತಿರುವು ದಾಟುವ ಮೊದಲೇ ತಮಿಳ್‌ಸೆಲ್ವಿಗೆ ಅನ್ನಿಸಿತು. ಎಂಟು ತಿಂಗಳ ಬಸುರಿ, ಕಾಲು ಚಾಚಿಕೊಂಡು ಆರಾಮವಾಗಿ ಕೂರಲಿ ಎಂದು ಎಲ್ಲರೂ ಸೇರಿ ಅವಳನ್ನು ಮುಂದೆ ಕೂರಿಸಿದ್ದರು. ಆರಾಮ ಯಾರಿಗೆ ಬೇಕಾಗಿತ್ತು. ಹಿಂದಿನ ಸೀಟಿನಲ್ಲಿ ಅವಳ ಆರು ವರ್ಷದ ಮಗಳು ಯಾಳಿನಿ, ಮೈದುನನ ಹೆಂಡತಿ ನಿವೇತಾಳ ತೊಡೆಗೆ ಒರಗಿಕೊಂಡು ಅದೇನೋ ಪಿಸುಗುಡುತ್ತಿದ್ದಳು. ನಿವೇತಾ ನಕ್ಕಳು. ಒಂದು ಗಳಿಗೆ ಬಿಟ್ಟು ಯಾಳಿನಿಯೂ ನಕ್ಕಳು, ಅದೇ ನಗು, ಮೊದಲು ಮೂಗಿನಲ್ಲಿ ಹುಟ್ಟಿ ಆಮೇಲೆ ಬಾಯಿಗೆ ಬರುವ ನಗು. ತಿರುಗಿ ನೋಡೋಣವೆಂದರೆ ಹೊಟ್ಟೆ ಬಿಡುತ್ತಿರಲಿಲ್ಲ. ಏನು ಪಿಸುಗುಟ್ಟಿರಬಹುದು, ತನ್ನ ವಿಷಯವೇ ಇರಬಹುದು, ಬೆಳಿಗ್ಗೆ ಜಡೆ ಹಾಕುವಾಗ ತಲೆಯ ಮೇಲೆ ಒಂದು ಕುಟ್ಟಿದ್ದನ್ನು ಹೇಳುತ್ತಿರಬಹುದು ಎಂದು ಯೋಚಿಸುತ್ತ ಅವಳು ಕಿಟಕಿಯ ಹೊರಗೆ ನೋಡಿದಳು. ಅವಿನಾಶಿ ಊರು ಹಿಂದೆ ಸರಿದು ಕೊಯಮತ್ತೂರಿನ ದಾರಿ ಶುರುವಾಗಿತ್ತು. ಪಕ್ಕದಲ್ಲಿ ಗಂಡ ದೀನದಯಾಳನ್ ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತಿದ್ದ. ಅವನ ಅಂಗಿಯ ತೋಳಿಗೆ ಮಗ್ಗದ ಹತ್ತಿಯ ಧೂಳು ಇನ್ನೂ ಅಂಟಿಕೊಂಡಿತ್ತು.

"ಏನುಂಗ, ಆಸ್ಪತ್ರೆ ಎಲ್ಲಾ ನೋಡಿಬಿಟ್ಟು ಇವತ್ತೇ ಹೇಳಿಬಿಡೋಣ," ಎಂದಳು.

"ನೋಡೋಣ, ನೋಡೋಣ," ಎಂದು ಅವನು ದೊಡ್ಡ ದನಿಯಲ್ಲಿ ಹೇಳಿದ. ಹದಿನಾರನೆಯ ವಯಸ್ಸಿನಿಂದ ವಿದ್ಯುತ್ ಮಗ್ಗಗಳ ನಡುವೆ ನಿಂತವನು, ಅವನಿಗೆ ಸಣ್ಣ ದನಿಯೇ ಬರುವುದಿಲ್ಲ. "ನಮ್ಮ ಊರಿನ ಡಾಕ್ಟರಮ್ಮನ ನರ್ಸಿಂಗ್ ಹೋಮ್ ಇರುವಾಗ ಇಷ್ಟು ದೂರ ಯಾಕೆ ಅಂತ ಅಮ್ಮ ಕೇಳ್ತಾಳೆ. ಯಾಳಿನಿ ಹುಟ್ಟಿದ್ದು ಅಲ್ಲೇ. ಏನು ಕೆಟ್ಟು ಹೋಯಿತು."

ಏನು ಕೆಟ್ಟು ಹೋಯಿತು ಎಂದು ಹೇಳಲು ಬಂದರೆ ತಾನೇ. ಅವಳು ತಯಾರಿ ಮಾಡಿಕೊಂಡ ಕಾರಣಗಳನ್ನೇ ಮತ್ತೆ ಹೇಳಿದಳು: ಕೊಯಮತ್ತೂರಿನ ಆಸ್ಪತ್ರೆಯಲ್ಲಿ ರಕ್ತ ಒಳಗೇ ಸಿಗುತ್ತದೆ, ಮಗುವಿನ ಡಾಕ್ಟರು ಆಪರೇಷನ್ ಮುಗಿಯುವವರೆಗೂ ಪಕ್ಕದಲ್ಲೇ ನಿಂತಿರುತ್ತಾರೆ, ಎರಡನೆಯ ಸಲ ಅದೇ ಜಾಗದಲ್ಲಿ ಕೊಯ್ಯುವುದೆಂದರೆ ಹುಡುಗಾಟವಲ್ಲ. ಒಂದೂ ಸುಳ್ಳಲ್ಲ. ಕೇಳಿದವರು ಯಾರೇ ಆದರೂ ಹೌದೌದು ಎನ್ನುವಂಥ ಕಾರಣಗಳು. ಅವುಗಳ ಹಿಂದೆ ಬೇರೊಂದು ಇತ್ತು. ಅದನ್ನು ಅವಳು ತನ್ನೊಳಗೂ ಪೂರ್ತಿ ವಾಕ್ಯವಾಗಿ ಹೇಳಿಕೊಂಡಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಮುಂದೆ ಒಂದು ಗಾಜಿನ ಬಾಗಿಲಿದೆ, ಅದರಾಚೆಗೆ ಮನೆಯವರನ್ನು ಬಿಡುವುದಿಲ್ಲ, ಹುಟ್ಟಿದ ಮಗುವಿನ ಬಾಯಿಗೆ ಹೊರಗಿನವರು ಏನನ್ನೂ ತಾಗಿಸುವ ಹಾಗಿಲ್ಲ ಎಂದು ಪಕ್ಕದ ಮನೆಯವಳು ಬೇಸರದಲ್ಲಿ ಹೇಳಿದ್ದಳು. ಬೇಸರದ ಆ ಮಾತು ಕೇಳಿದ ದಿನ ತಮಿಳ್‌ಸೆಲ್ವಿಗೆ ಮೈ ಹಗುರವಾಗಿತ್ತು.

ಅವರ ಕಡೆ ಮಗು ಹುಟ್ಟಿದೊಡನೆ ಸೇನೈ ಇಡುವುದು ರೂಢಿ. ಸಕ್ಕರೆ ಕದಡಿದ ನೀರಿನ ಒಂದು ತೊಟ್ಟನ್ನು, ತಾಯಿಯ ಹಾಲಿಗೂ ಮೊದಲು, ಮನೆಯಲ್ಲಿ ಒಳ್ಳೆಯ ಗುಣದವರು ಯಾರೋ ಅವರ ಬೆರಳಿನಿಂದ ಮಗುವಿನ ನಾಲಿಗೆಗೆ ಮುಟ್ಟಿಸಬೇಕು. ಇಟ್ಟವರ ಗುಣ ಮಗುವಿಗೆ ಬರುತ್ತದೆ. ಯಾರ ಸೇನೈಯೋ ಇದು ಎಂದು ದೊಡ್ಡವರಾದ ಮೇಲೂ ಕೇಳುತ್ತಾರೆ, ಜಿಪುಣರನ್ನೂ ಜಗಳಗಂಟರನ್ನೂ ನೋಡಿ. ಯಾಳಿನಿ ಹುಟ್ಟುವಾಗ ನೋವು ಶುರುವಾಗಿ ಇಡೀ ಹಗಲು ಕಳೆದರೂ ಮಗು ಇಳಿಯದೆ, ಕೊನೆಗೆ ಪೂರ್ತಿ ಮತ್ತಿನ ಮದ್ದು ಕೊಟ್ಟು ಕೊಯ್ದು ತೆಗೆದರು. ಚೊಚ್ಚಲ ಹೆರಿಗೆ ತವರಿನದು ಎನ್ನುತ್ತಾರೆ, ಆದರೆ ಕುನ್ನತ್ತೂರಿನ ತವರಿನಲ್ಲಿ ಅಮ್ಮ ಲಕ್ಷ್ಮಿಯಮ್ಮಾಳ್ ಅದಾಗಲೇ ತೀರಿಕೊಂಡಿದ್ದಳು, ಹಾಗಾಗಿ ಹೆರಿಗೆಯ ಕೋಣೆಯಲ್ಲಿ ಸುತ್ತ ಇದ್ದವರೆಲ್ಲ ಗಂಡನ ಮನೆಯವರೇ. ಕಣ್ಣು ಬಿಟ್ಟಾಗ ಮಗು ನಿವೇತಾಳ ಕೈಯಲ್ಲಿತ್ತು. ಮದುವೆಯಾಗಿ ಬಂದು ಒಂದು ವರ್ಷವಾಗಿದ್ದ ಹುಡುಗಿ, ಮಗುವನ್ನು ಹಿಡಿದುಕೊಳ್ಳಲೂ ಬಾರದೆ ಮೊಣಕೈ ಗಟ್ಟಿ ಮಾಡಿಕೊಂಡು ನಿಂತಿದ್ದಳು. ಅದನ್ನು ನೋಡಿ ಆಗ ಹೊಟ್ಟೆ ಉರಿಯಲಿಲ್ಲ. ಉರಿದದ್ದು ಆಮೇಲೆ, ಬಾಣಂತಿ ಕೋಣೆಯ ಕಿಟಕಿಯಾಚೆ ಅತ್ತೆ ಬೆಳ್ಳಿಯಮ್ಮ ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿದ್ದಾಗ. "ಸೆಲ್ವಿ ಗುಣ ನಮಗೆ ಬ್ಯಾಡಪ್ಪ, ಅವಳಿಗೆ ಮೂಗಿನ ಮೇಲೇ ಕೋಪ. ಅದಕ್ಕೇ ಚಿಕ್ಕವಳ ಕೈಯಲ್ಲಿ ಸೇನೈ ಇಡಿಸಿದ್ದು. ನೋಡು ಪಾಪ್ಪಾ ಅಳೋದೇ ಇಲ್ಲ." ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಹೊಲಿಗೆ ಎಳೆಯಿತು. ತನ್ನ ಗುಣ ಬೇಡ. ಹೊಟ್ಟೆ ಬೇಕು, ಹಾಲು ಬೇಕು, ಗುಣ ಮಾತ್ರ ಬೇಡ. ಆ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ, ಗಂಡನಿಗೂ. ಅವನಿಗೆ ಹೇಳಿದರೆ ಬೀದಿಗೆಲ್ಲ ಕೇಳಿಸುತ್ತದೆ.

ಆಮೇಲೆ ಮಗಳು ಬೆಳೆದಂತೆಲ್ಲ ಆ ಮಾತು ನಿಜವಾಗುತ್ತ ಬಂತು. ಯಾಳಿನಿ ಎದ್ದ ಕೂಡಲೇ ಅಂಗಳ ದಾಟಿ ನಿವೇತಾಳ ಕೋಣೆಗೆ ಹೋಗುತ್ತಾಳೆ. ನಿವೇತಾ ಅನ್ನಕ್ಕೆ ಮೊಸರು ಹಾಕಿಕೊಂಡು ಮೊದಲ ತುತ್ತು ಉಂಡು ಕಣ್ಣು ಮುಚ್ಚುತ್ತಾಳಲ್ಲ, ಹಾಗೇ ಇವಳೂ ಮುಚ್ಚುತ್ತಾಳೆ. ಬಿದ್ದು ಮಂಡಿ ಕೆತ್ತಿಕೊಂಡರೆ ಅಮ್ಮ ಎದುರಿಗಿದ್ದರೂ ಚಿಕ್ಕಮ್ಮನನ್ನು ಹುಡುಕಿಕೊಂಡು ಹೋಗಿ ಅಲ್ಲಿ ಅಳುತ್ತಾಳೆ. ನೆಂಟರೆಲ್ಲ ನೋಡಿ ನಗುತ್ತಾರೆ, ಸೇನೈ ಕೆಲಸ ಮಾಡಿದೆ ಎನ್ನುತ್ತಾರೆ. ತಮಿಳ್‌ಸೆಲ್ವಿಯೂ ನಗುತ್ತಾಳೆ. ನಕ್ಕು ಅಡುಗೆ ಮನೆಗೆ ಹೋಗಿ ಪಾತ್ರೆ ಕುಕ್ಕುತ್ತಾಳೆ. ಪಾತ್ರೆ ಕುಕ್ಕಿದ ಸದ್ದಿಗೆ ಅತ್ತೆ, ನೋಡಿದೆಯಾ ಎಂಬಂತೆ ಚಿಕ್ಕ ಸೊಸೆಯ ಮುಖ ನೋಡುತ್ತಾಳೆ. ನಿವೇತಾಳ ಮೇಲೆ ಸಿಟ್ಟು ಮಾಡೋಣವೆಂದರೆ ಆ ಹೆಣ್ಣು ಅದಕ್ಕೂ ಎಡೆ ಕೊಡುವುದಿಲ್ಲ. ಎದುರು ಮಾತಿಲ್ಲ, ಅಕ್ಕಾ ಅಕ್ಕಾ ಎಂದು ಬಾಯಿ ತುಂಬ ಕರೆಯುತ್ತಾಳೆ, ಅವಳಿಗೆ ಮಕ್ಕಳೂ ಇಲ್ಲ. ಮಕ್ಕಳಿಲ್ಲದವಳ ಮೇಲೆ ಹೊಟ್ಟೆಕಿಚ್ಚು ಪಡುವ ಬಸುರಿ ಲೋಕದಲ್ಲಿ ತಾನೊಬ್ಬಳೇ ಇರಬೇಕು ಎಂದುಕೊಂಡರೆ ಅವಳಿಗೇ ನಾಚಿಕೆಯಾಗುತ್ತದೆ. ನಾಚಿಕೆಯಿಂದ ಕಿಚ್ಚೇನೂ ಆರುವುದಿಲ್ಲ, ಇನ್ನಷ್ಟು ಒಳಗೆ ಹೋಗಿ ಕೂರುತ್ತದೆ.

ಈಗ ಇದೊಂದು. ಹೊಟ್ಟೆಯೊಳಗೆ ಇದು ಒದೆಯುವಾಗಲೆಲ್ಲ ಅವಳು ಅಂಗೈ ಇಟ್ಟು, ನೀನು ನನ್ನದು ಎಂದು ಹೇಳುತ್ತಾಳೆ. ಮೊದಲನೆಯದು ಕೊಯ್ದು ತೆಗೆದದ್ದರಿಂದ ಇದೂ ಆಪರೇಷನ್ನೇ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಜೋಯಿಸರು ಬರುವ ತಿಂಗಳ ಮೊದಲ ಗುರುವಾರ ಬೆಳಿಗ್ಗೆ ಎಂದು ಒಳ್ಳೆಯ ಹೊತ್ತು ಬರೆದುಕೊಟ್ಟಿದ್ದರು. ದಿನ ಗೊತ್ತಾಗಿತ್ತು, ಹೊತ್ತು ಗೊತ್ತಾಗಿತ್ತು, ಜಾಗವೊಂದು ಉಳಿದಿತ್ತು. ಇವತ್ತು ಸಂಜೆಯೊಳಗೆ ಅದನ್ನು ಹೇಳಬೇಕು. ಊರಿನ ಡಾಕ್ಟರಮ್ಮ ಒಳ್ಳೆಯವರು, ಆದರೆ ಅವರ ನರ್ಸಿಂಗ್ ಹೋಮಿನಲ್ಲಿ ಬಾಗಿಲಿಗೆ ಪರದೆ ಬಿಟ್ಟರೆ ಬೇರೇನೂ ಇಲ್ಲ. ಬೆಳ್ಳಿಯಮ್ಮ ಮಗುವಿಗೆ ಕುಡಿಸುವ ಒಳಲೆ ತೊಳೆದು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಾಳೆ, ಪರದೆ ಸರಿಸುತ್ತಾಳೆ, ಚಿಕ್ಕವಳೇ ಬಾ ಎನ್ನುತ್ತಾಳೆ. ತಾನು ಮಲಗಿರಬೇಕು, ಸೊಂಟದಿಂದ ಕೆಳಗೆ ಮರದ ಕೊರಡು. ಆ ಚಿತ್ರ ಕಣ್ಣಿಗೆ ಬಂದಾಗಲೆಲ್ಲ ಅವಳಿಗೆ ಬಾಯಿ ಹುಳಿಯಾಗುತ್ತಿತ್ತು.

ಆಸ್ಪತ್ರೆಯ ಕೆಳಗಿನ ಹಾಲಿನಲ್ಲಿ ತಣ್ಣಗೆ ಗಾಳಿ ಬರುತ್ತಿತ್ತು, ಎಲ್ಲೆಲ್ಲೂ ಫಿನಾಯಿಲ್ ಅಲ್ಲದ ಬೇರೊಂದು ಶುಭ್ರವಾದ ವಾಸನೆ. ದೀನದಯಾಳನ್ ಕೌಂಟರಿನ ಮುಂದೆ ನಿಂತು, "ಸಿಸೇರಿಯನ್, ಎರಡನೇ ಸಲ, ಬಿ.ಪಿ. ಇಲ್ಲ, ಮಲಬದ್ಧತೆ ಇದೆ," ಎಂದು ತಮಿಳಿನಲ್ಲಿ ಇಡೀ ಹಾಲಿಗೆ ಹೇಳಿದ. ಕುರ್ಚಿಗಳಲ್ಲಿ ಕೂತ ಹೆಂಗಸರು ತಲೆಯೆತ್ತಿ ನೋಡಿದರು. ಅವಳ ಕಿವಿ ಬಿಸಿಯಾಯಿತು. ಹಿಂದಿನಿಂದ ನಿವೇತಾ ಬಂದು ಭಾವನ ಹತ್ತಿರ ಏನೋ ಮೆಲ್ಲಗೆ ಹೇಳಿದಳು, ಅವನು ತಕ್ಷಣ ದನಿ ಇಳಿಸಿದ. ಹತ್ತು ವರ್ಷದಿಂದ ತಾನು ಹೇಳಿ ಹೇಳಿ ಸೋತದ್ದು ಅವಳ ಒಂದು ಮಾತಿಗೆ ಆಗಿಹೋಯಿತು. ಉಪಕಾರ ಮಾಡುತ್ತಾಳೆ, ಬಿಡುವುದಿಲ್ಲ, ಮಾಡಿಯೇ ಮಾಡುತ್ತಾಳೆ.

ಎಲ್ಲ ತೋರಿಸಿಕೊಂಡು ಬರಲು ಒಬ್ಬ ನಡುವಯಸ್ಸಿನ ನರ್ಸ್ ಬಂದರು. ಅವರು ನಿವೇತಾಳ ಸೊಂಟ ಹಿಡಿದು ನಿಂತಿದ್ದ ಯಾಳಿನಿಯ ಗಲ್ಲ ಮುಟ್ಟಿ, "ನಗುವಾಗ ನಿಮ್ಮನ್ನೇ ಹೋಲುತ್ತಾಳೆ," ಎಂದು ತಮಿಳಿನಲ್ಲಿ ನಿವೇತಾಳಿಗೆ ಹೇಳಿದರು. ಅದು ಇವರ ಮಗಳು, ನನ್ನದಲ್ಲ ಎಂದು ನಿವೇತಾ ಹೇಳುತ್ತಾಳೆ ಎಂದು ತಮಿಳ್‌ಸೆಲ್ವಿ ಕಾದಳು. ನಿವೇತಾ ಹೇಳಿದಳು ಕೂಡ, ಆದರೆ ಒಂದು ಗಳಿಗೆ ತಡಮಾಡಿ. ಆ ತಡವನ್ನು ತಮಿಳ್‌ಸೆಲ್ವಿ ಲಿಫ್ಟಿನಲ್ಲಿ ಮೇಲೆ ಹೋಗುವವರೆಗೂ ಹಿಡಿದುಕೊಂಡಿದ್ದಳು. ಆ ಒಂದು ಗಳಿಗೆಯಲ್ಲಿ ನಿವೇತಾ ತಾಯಿಯಾಗಿದ್ದಳು, ರುಚಿ ನೋಡಿದಳು, ಆಮೇಲೆ ಉಗುಳಿದಳು.

ಗಾಜಿನ ಬಾಗಿಲು ನಿಜವಾಗಿ ಇತ್ತು. ಅದರ ಹಿಂದೆ ಬಿಳಿಯ ಓಣಿ, ಓಣಿಯ ತುದಿಯಲ್ಲಿ ಇನ್ನೊಂದು ಬಾಗಿಲು. ತಮಿಳ್‌ಸೆಲ್ವಿ ಕೇಳಬೇಕೆಂದು ಮನೆಯಿಂದ ತಂದ ಪ್ರಶ್ನೆಯನ್ನು ಸುಮ್ಮನೆ ಬಾಯಿಗೆ ಬಂದದ್ದೆಂಬಂತೆ ಕೇಳಿದಳು. "ನಮ್ಮ ಅತ್ತೆಗೆ ಸ್ವಲ್ಪ ಹಳೇ ಕಾಲದ ನಂಬಿಕೆ. ಪಾಪ್ಪಾಗೆ ಸೇನೈ ಇಡಬೇಕು ಅಂತಾರೆ. ಬಿಡ್ತೀರಾ?"

"ಆ ಮಾತೇ ಇಲ್ಲ," ಎಂದರು ನರ್ಸ್. "ಸಕ್ಕರೆ ನೀರಿಲ್ಲ, ಜೇನಿಲ್ಲ, ಕತ್ತೆ ಹಾಲಿಲ್ಲ. ತಾಯಿ ಹಾಲು ಒಂದೇ. ಯಾರು ಬಂದು ಕೇಳಿದರೂ ಅಷ್ಟೇ."

ತಮಿಳ್‌ಸೆಲ್ವಿ ಗಂಡನ ಮುಖ ನೋಡಿದಳು, ಆಮೇಲೆ ಕಣ್ಣಂಚಿನಿಂದ ನಿವೇತಾಳನ್ನು. ನಿವೇತಾ ಯಾಳಿನಿಯ ರಿಬ್ಬನ್ ಸರಿಮಾಡುತ್ತಿದ್ದಳು. ಮುಖದಲ್ಲಿ ಏನೂ ಇರಲಿಲ್ಲ. ಪರವಾಗಿಲ್ಲ. ಗೆದ್ದದ್ದು ಗೆದ್ದದ್ದೇ. ಎಷ್ಟೋ ತಿಂಗಳ ನಂತರ ಹಸಿವಾದಂತೆ ಅನ್ನಿಸಿತು. ಇಲ್ಲೇ ಆಗಲಿ ಎಂದು ಹೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ನರ್ಸ್ ಮಾತು ಮುಂದುವರಿಸಿದರು.

"ಆದರೆ ಒಂದು ಇದೆ. ಮಗು ತೆಗೆದ ಮೇಲೆ ನಿಮಗೆ ಹೊಲಿಗೆ ಹಾಕಬೇಕು, ಆಮೇಲೂ ಸ್ವಲ್ಪ ಹೊತ್ತು ಒಳಗೇ ಇಟ್ಟುಕೊಳ್ತೀವಿ. ನಿಮಗೆ ಒಂದು ಸಲ ತೋರಿಸಿ, ಮುತ್ತು ಕೊಡಿಸಿ, ಹೊರಗೆ ತರ್ತೀವಿ. ಅಷ್ಟು ಹೊತ್ತು ಮಗು ಬೆಚ್ಚಗಿರಬೇಕಲ್ಲ, ಅದಕ್ಕೆ ಮನೆಯವರು ಒಬ್ಬರನ್ನು ಒಳಗಿನ ಕೋಣೆಗೆ ಬಿಡ್ತೀವಿ. ಅವರು ಬರೀ ಎದೆಗೆ ಮಗುವನ್ನು ಒರಗಿಸಿಕೊಂಡು ಕೂತಿರಬೇಕು, ಮೈಗೆ ಮೈ. ಒಬ್ಬರೇ. ಯಾರು ಅಂತ ತಾಯಿಯೇ ಹೇಳಬೇಕು, ನಾಳೆ ಬಾಗಿಲಲ್ಲಿ ನಾನು ನೀನು ಅಂತ ಜಗಳ ಆಗಬಾರದು ನೋಡಿ. ಇಲ್ಲೇ ಸೇರಿಸೋದಾದರೆ ಆ ಹೆಸರನ್ನು ಈಗಲೇ ಹಾಕಿಬಿಡ್ತೀನಿ."

"ಬರೀ ಎದೆಗೆ," ಎಂದು ದೀನದಯಾಳನ್ ನಕ್ಕ. "ಅಯ್ಯೋ, ನನ್ನ ಕೈಲಿ ಆಗಲ್ಲಮ್ಮ. ನಿವೇತಾ ಇದ್ದಾಳಲ್ಲ."

ಅಷ್ಟು ಸಲೀಸಾಗಿ. ನಿವೇತಾ ಇದ್ದಾಳಲ್ಲ, ಉಪ್ಪಿನಕಾಯಿ ಇದೆಯಲ್ಲ ಎನ್ನುವ ಹಾಗೆ. ಒಂದು ತೊಟ್ಟಿಗೆ ಹೆದರಿ ತಮಿಳ್‌ಸೆಲ್ವಿ ಇಷ್ಟು ದೂರ ಬಂದಳು, ಇಲ್ಲಿ ನೋಡಿದರೆ ಮಗುವನ್ನೇ ಎತ್ತಿ ನಿವೇತಾಳ ಎದೆಗೆ ಹಾಕುತ್ತೇವೆ ಎನ್ನುತ್ತಿದ್ದಾರೆ. ತೊಟ್ಟಾದರೂ ನಾಲಿಗೆಯ ಮೇಲೆ ಕರಗಿಹೋಗುತ್ತದೆ. ಎದೆಯ ಬಿಸಿ, ಎದೆಯ ಬಡಿತ, ಆ ಬೆವರಿನ ವಾಸನೆ ಆ ಮಗುವಿನ ಮೈಗೆ ಹತ್ತಿದರೆ ಯಾವ ನೀರಿನಲ್ಲಿ ತೊಳೆಯುವುದು. ಅತ್ತೆ ಇದ್ದಾರೆ, ಆದರೆ ಅತ್ತೆಗೆ ಎದೆರೋಗ, ಕೆಮ್ಮು. ಅಮ್ಮ ಇಲ್ಲ. ಅಮ್ಮ ಇದ್ದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಸತ್ತವಳ ಮೇಲೂ ಸಿಟ್ಟು ಬಂತು, ಹೇಳದೆ ಕೇಳದೆ ಹೋಗಿ ಮಗಳನ್ನು ಇವರ ಕೈಗೆ ಬಿಟ್ಟಳಲ್ಲ ಎಂದು. ಸ್ವಲ್ಪ ಯೋಚಿಸಿ ಹೇಳುತ್ತೇವೆ ಎಂದಳು. ನರ್ಸ್ ಸರಿ ಎಂದು ಎದುರಿನ ಮೇಜಿಗೆ ಹೋಗಿ ಕೂತರು. ದೀನದಯಾಳನ್ ಕಾಫಿ ತರಲು ಕೆಳಗೆ ಹೋದ.

ಗೋಡೆಗೆ ತಾಗಿದ ಕುರ್ಚಿಗಳಲ್ಲಿ ಇಬ್ಬರೂ ಕೂತರು. ಯಾಳಿನಿ ಚಿಕ್ಕಮ್ಮನ ತೊಡೆ ಏರಿ, ಕಾಲು ಇಳಿಬಿಟ್ಟು, ಕತ್ತಿನ ಸಂದಿಯಲ್ಲಿ ಮೂಗು ತೂರಿಸಿ ಕಣ್ಣು ಮುಚ್ಚಿದಳು. ಇಷ್ಟು ದೊಡ್ಡ ಹುಡುಗಿ. ತನ್ನ ತೊಡೆಗೆ ಈಗ ಯಾರೂ ಏರುವಂತಿಲ್ಲ, ಹೊಟ್ಟೆ ಅಡ್ಡ. ಹೊಟ್ಟೆ ಇಲ್ಲದ ದಿನಗಳಲ್ಲಿ ಏರುತ್ತಿದ್ದಳೇ ಎಂದು ನೆನಪು ಮಾಡಿಕೊಂಡಳು. ಒಮ್ಮೆ ಜ್ವರ ಬಂದಾಗ ಏರಿದ್ದಳು, ಆಗಲೂ ಚಿಕ್ಕಮ್ಮ ಎಲ್ಲಿ ಎಂದು ಕೇಳಿದ್ದಳು. ಮಾತು ತಾನಾಗಿ ಹೊರಗೆ ಬಂತು. ಅದನ್ನು ತಡೆಯಬೇಕೆಂದು ಅವಳಿಗೆ ಅನ್ನಿಸಲೂ ಇಲ್ಲ.

"ಈ ಸಲ ನೀನು ಬರಬೇಡ ನಿವೇತಾ."

ನಿವೇತಾ ಮಗುವಿನ ಬೆನ್ನು ತಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ. "ಸರಿ ಅಕ್ಕಾ."

ಸರಿ ಅಂತೆ. ಯಾಕೆ ಎಂದು ಕೇಳಿದ್ದರೆ ಎಷ್ಟೋ ವಾಸಿಯಿತ್ತು. "ಸರಿ ಅಂದರೆ ಆಗಲಿಲ್ಲ. ನಿನಗೆ ಗೊತ್ತು ನಾನು ಯಾಕೆ ಹೇಳ್ತಿದ್ದೀನಿ ಅಂತ. ಒಂದನ್ನ ತಗೊಂಡೆ. ನನಗೆ ಮತ್ತಿರುವಾಗ, ನನ್ನ ಕೇಳದೆ. ಸೇನೈ ಇಟ್ಟು ನಿನ್ನ ಹಾಗೆ ಮಾಡಿಕೊಂಡೆ. ನನಗೆ ಹೊಟ್ಟೆ ಉರೀತದೆ, ಮುಚ್ಚಿಟ್ಟು ಏನಾಗಬೇಕು. ಇದನ್ನಾದರೂ ನನಗೆ ಬಿಡು."

ಲಿಫ್ಟಿನ ಬಾಗಿಲು ತೆರೆದು ಮುಚ್ಚಿತು. ತಳ್ಳುಗಾಡಿಯಲ್ಲಿ ಒಬ್ಬ ಬಾಣಂತಿಯನ್ನು ಹೊರಗೆ ತಂದರು, ಹಿಂದೆಯೇ ಒಂದು ಮುದುಕಿ ಬುಟ್ಟಿ ಹಿಡಿದುಕೊಂಡು ಓಡಿತು.

"ನಾನು ಇಡಲಿಲ್ಲ ಅಕ್ಕಾ," ಎಂದಳು ನಿವೇತಾ.

"ಏನು ಇಡಲಿಲ್ಲ?"

"ಸೇನೈ. ಅತ್ತೆ ಒಳಲೆ ನನ್ನ ಕೈಗೆ ಕೊಟ್ಟುಬಿಟ್ಟು ಮಾವಂಗೆ ಹೇಳೋಕೆ ಹೊರಗೆ ಹೋದರು. ಒಳಗೆ ನೀವು, ನಾನು, ಪಾಪ್ಪಾ ಅಷ್ಟೇ. ಆ ವರ್ಷ ನನಗೆ ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು, ನಿಮಗೆ ಗೊತ್ತಲ್ಲ. ಕೂಸು ನಿಲ್ಲದ ಕೈ ಇದು, ಹೇಗೆ ಇಡೋದು ಅಂತ ಭಯ ಬಂತು. ನಿಮಗೆ ಎಡಗೈಗೆ ಗ್ಲೂಕೋಸ್ ಹಾಕಿದ್ದರು, ಬಲಗೈ ಮಂಚದಿಂದ ಜೋತು ಬಿದ್ದಿತ್ತು. ಆ ಕೈನೇ ಎತ್ತಿ, ನಿಮ್ಮ ಬೆರಳನ್ನೇ ಸಕ್ಕರೆ ನೀರಲ್ಲಿ ಅದ್ದಿ ಅದರ ಬಾಯಿಗೆ ಇಟ್ಟೆ. ಚೀಪಿತು. ನೀವು ಅಲುಗಾಡಲೂ ಇಲ್ಲ."

ತಮಿಳ್‌ಸೆಲ್ವಿ ತನ್ನ ಬಲಗೈ ನೋಡಿಕೊಳ್ಳಲಿಲ್ಲ. ನೋಡಿಕೊಳ್ಳಬೇಕೆಂದು ಅನ್ನಿಸಿತು, ನೋಡಿದರೆ ಅಳು ಬರುತ್ತದೆ ಎಂದು ನೋಡಲಿಲ್ಲ. "ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಎಲ್ಲರೂ, ನಿವೇತಾ ಹಾಗೇ ನಗ್ತದೆ, ನಿವೇತಾ ಹಾಗೇ ತಿಂತದೆ ಅಂತ ಹೇಳೋಕೆ ಶುರು ಮಾಡಿದರು." ಅವಳು ಮಗುವಿನ ತಲೆಯ ಮೇಲಿಂದ ಎಲ್ಲೋ ನೋಡುತ್ತ ಹೇಳಿದಳು. "ಕೇಳೋಕೆ ಚೆನ್ನಾಗಿತ್ತು ಅಕ್ಕಾ. ನನಗೆ ಬೇರೆ ಏನಿದೆ. ನೀವು ಉರೀತೀರಿ ಅಂತ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಸುಳ್ಳು ಹೇಳಬಾರದು, ನೀವು ಉರಿಯೋದು ನೋಡೋಕೂ ಕೆಲವು ಸಲ ಚೆನ್ನಾಗಿತ್ತು."

ತಮಿಳ್‌ಸೆಲ್ವಿಗೆ ಮೊದಲು ಬಂದದ್ದು ಸಂತೋಷ. ಹೊಟ್ಟೆಯ ಅಡಿಯಿಂದ ಎದ್ದು ಬಂದ, ಯಾರನ್ನಾದರೂ ಕರೆದು ಹೇಳಬೇಕೆನ್ನುವಂಥ ಸಂತೋಷ. ಮೊದಲ ತೊಟ್ಟು ತನ್ನದು. ಬೆಳ್ಳಿಯಮ್ಮ ಬೇಡವೆಂದ ಗುಣವೇ ಅವಳ ಮೊಮ್ಮಗಳ ನಾಲಿಗೆಗೆ ಹೋಯಿತು, ಯಾರೂ ತಡೆಯಲಾಗಲಿಲ್ಲ. ಅತ್ತೆಯ ಮುಖಕ್ಕೆ ಹೊಡೆದ ಹಾಗೆ ಇದನ್ನು ಹೇಳಬೇಕು, ಇವತ್ತೇ, ಮನೆಗೆ ಹೋದ ಕೂಡಲೇ, ಚಪ್ಪಲಿ ಬಿಡುವ ಮೊದಲು. ಆ ಸಂತೋಷದಲ್ಲಿ ಅವಳು ಎರಡೂ ಕೈ ಚಾಚಿದಳು. "ಕೊಡು ಇಲ್ಲಿ ಅವಳನ್ನ," ಎಂದಳು. ಹೊಟ್ಟೆಯ ಪಕ್ಕಕ್ಕೆ, ಮಂಡಿಯ ಮೇಲೆ ಹೇಗೋ ಕೂರಿಸಿಕೊಳ್ಳಬಹುದು. ನಿವೇತಾ ಮಗುವನ್ನು ಮೆಲ್ಲಗೆ ಎತ್ತಿ ಕೊಟ್ಟಳು. ಯಾಳಿನಿ ನಿದ್ದೆಗಣ್ಣು ಬಿಟ್ಟು ಅಮ್ಮನ ಮುಖ ನೋಡಿದಳು, ಯಾರೆಂದು ಗುರುತು ಹಿಡಿದಳು, ಹಿಡಿದ ಮೇಲೆ ತುಟಿ ಸೊಟ್ಟ ಮಾಡಿ, "ಚಿಕ್ಕಮ್ಮಾ," ಎಂದು ಆ ಕಡೆಗೆ ಕೈ ಚಾಚಿದಳು.

ಆಗ ತಮಿಳ್‌ಸೆಲ್ವಿಗೆ ಪೂರ್ತಿ ಅರ್ಥವಾಯಿತು. ತೊಟ್ಟು ತನ್ನದೇ ಆಗಿದ್ದರೆ ಈ ಸೆಳೆತ ಯಾರದು. ಬೇರೆ ಯಾರೂ ಏನೂ ಇಟ್ಟಿರಲಿಲ್ಲ, ಯಾರೂ ಕದ್ದಿರಲಿಲ್ಲ. ತನ್ನ ಬೆರಳನ್ನು ಚೀಪಿ, ತನ್ನ ಹಾಲು ಕುಡಿದು, ನಡೆಯಲು ಕಲಿತ ಮಗು ತಾನಾಗಿ ಅಂಗಳ ದಾಟಿ ಹೋಗಿತ್ತು. ಇಷ್ಟು ವರ್ಷ ಸಕ್ಕರೆ ನೀರನ್ನು ಬೈದುಕೊಂಡಾದರೂ ಇರಬಹುದಾಗಿತ್ತು. ಈಗ ಅದೂ ಇಲ್ಲ. ಸಿಟ್ಟು ಬಂದಾಗ ತಲೆಯ ಮೇಲೆ ಕುಟ್ಟಿದ್ದು, ಪಾತ್ರೆ ಕುಕ್ಕಿದ್ದು, ಚಿಕ್ಕಮ್ಮನ ಕೋಣೆಯಿಂದ ದರದರ ಎಳೆದುಕೊಂಡು ಬಂದದ್ದು, ಎಳೆದು ತಂದ ಮೇಲೆ ಮಾತಾಡಿಸದೆ ಕೂತದ್ದು, ಒಂದೊಂದೇ ಕಣ್ಣ ಮುಂದೆ ಬಂತು. ಮುಂದಿನದೂ ಹೋಗುತ್ತದೆ. ಯಾವ ಆಸ್ಪತ್ರೆಯ ಯಾವ ಬಾಗಿಲು ಹಾಕಿದರೂ, ಅಂಬೆಗಾಲಿಡಲು ಬಂದರೆ ಸಾಕು, ನಗು ಕೇಳುವ ಕಡೆಗೆ ಹೋಗುತ್ತದೆ. ಅವಳು ಮಗಳನ್ನು ತಿರುಗಿ ಕೊಟ್ಟಳು. ಕೊಡುವಾಗ ಕೈ ಬೇಗ ಬಿಡಲಿಲ್ಲ, ನಿವೇತಾ ಸ್ವಲ್ಪ ಎಳೆದುಕೊಳ್ಳಬೇಕಾಯಿತು.

ದೀನದಯಾಳನ್ ಕಾಫಿ ಲೋಟಗಳನ್ನು ಹಿಡಿದು ಲಿಫ್ಟಿನಿಂದ ಹೊರಗೆ ಬರುತ್ತ, "ಏನಾಯಿತು, ಯೋಚನೆ ಮಾಡಿದಿರಾ?" ಎಂದು ದೂರದಿಂದಲೇ ಕೇಳಿದ. ಓಣಿಯಲ್ಲಿದ್ದವರೆಲ್ಲ ತಿರುಗಿದರು. ತಮಿಳ್‌ಸೆಲ್ವಿ ಕುರ್ಚಿಯ ಕೈ ಹಿಡಿದು ಎದ್ದಳು. ನರ್ಸಿನ ಮೇಜಿನವರೆಗೆ ನಡೆಯುವಾಗ ಹೊಟ್ಟೆಯೊಳಗಿನದು ಒದೆಯಿತು, ಅವಳು ಅಂಗೈ ಇಡಲಿಲ್ಲ. ಹೋಗುವುದೇ ಆದರೆ ಇದು ತಾನು ಕೊಟ್ಟದ್ದಾಗಿ ಹೋಗಲಿ. ತಾನು ಕೊಟ್ಟದ್ದು ಎಂದು ನಿವೇತಾಳಿಗೂ ಗೊತ್ತಿರಲಿ, ಆ ಬಿಸಿಯನ್ನು ಎದೆಗೆ ಒತ್ತಿಕೊಂಡಾಗಲೆಲ್ಲ ಇದು ಅಕ್ಕ ಕೊಟ್ಟದ್ದು ಎಂದು ನೆನಪಾಗಲಿ. ಇದು ಒಳ್ಳೆಯತನವಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲೇ ಮಾಡಿಸಿಕೊಳ್ತೀನಿ ಸಿಸ್ಟರ್," ಎಂದಳು. "ಮಗುವನ್ನ ಹಿಡ್ಕೊಳ್ಳೋದಕ್ಕೆ ನಿವೇತಾ ಅಂತ ಹಾಕಿ."

ಹಿಂದೆ ಕುರ್ಚಿ ಕಿರ್ರೆಂದಿತು. ನಿವೇತಾ ಮಗುವನ್ನು ಹೊತ್ತುಕೊಂಡೇ ಎದ್ದು ನಿಂತಿದ್ದಳು.

"ನಿಮಗೆ ಅವರು ಏನಾಗಬೇಕು?" ಎಂದು ನರ್ಸ್ ಬರೆದುಕೊಳ್ಳುತ್ತ ಕೇಳಿದರು.

ತಂಗಿ ಎನ್ನಬಹುದಾಗಿತ್ತು. ಆ ಒಂದು ಮಾತಿಗಾಗಿ ಹಿಂದೆ ನಿಂತವಳು ಉಸಿರು ಬಿಗಿಹಿಡಿದಿದ್ದಾಳೆ ಎಂದು ತಮಿಳ್‌ಸೆಲ್ವಿಗೆ ತಿರುಗಿ ನೋಡದೆಯೂ ಗೊತ್ತಾಯಿತು.

"ನಮ್ಮ ಮೈದುನನ ಹೆಂಡತಿ," ಎಂದಳು.